ಕೇಳುತ್ತೇನೆ: ಐದಕ್ಕೆ ಎಷ್ಟು?

ಟ್ರಂಕ್‌ಕಾಲ್ ಅಕ್ಕನಿಗೆ ಮೈಕು ಬೇಕಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ದೂರದೂರಿನ ಕರೆಗಳನ್ನು ಕೂಡಿಸಿಕೊಟ್ಟು, ಗರಗರ ಎನ್ನುವ ತಂತಿಯ ಆ ತುದಿಯಲ್ಲಿದ್ದವರಿಗೆಲ್ಲ ‘ಹಲೋ, ಹಲೋ’ ಎಂದು ಕೂಗಿ ಕೂಗಿ ಅವಳ ದನಿ ಆ ಅಳತೆಗೇ ಬೆಳೆದುಬಿಟ್ಟಿದೆ. ಎಕ್ಸ್‌ಚೇಂಜಿಗೆ ಬೀಗ ಬಿದ್ದು ವರ್ಷಗಳೇ ಆದವು. ಅಕ್ಕ ನಿವೃತ್ತಳಾದಳು, ದನಿ ಆಗಲಿಲ್ಲ. ಮೂರನೇ ಮಹಡಿಯಿಂದ ಅವಳು ತರಕಾರಿಯವನನ್ನು ಕರೆದರೆ ಪಕ್ಕದ ಬೀದಿಯ ತರಕಾರಿಯವನೂ ಗಾಡಿ ತಿರುಗಿಸುತ್ತಾನೆ. ಕೆಳಗಡೆ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ಅವಳ ಗಂಡ ದಿನಕ್ಕೆ ಎಣಿಸಿ ಹತ್ತು ಮಾತಾಡುವ ಆಸಾಮಿ. ‘ಇವಳು ನನ್ನನ್ನ ಊಟಕ್ಕೆ ಕರೆದ್ರೆ ಬೀದಿಯವರೆಲ್ಲ ಕೈ ತೊಳ್ಕೋತಾರೆ’ ಎಂಬುದು ಆ ಹತ್ತರಲ್ಲಿ ಒಂದು.

ಇಂಥ ಅಕ್ಕನಿಗೆ ಬೇರೆಯವರ ಬಾಯಿ ಬಿಡಿಸುವ ಹುಚ್ಚು ಹಿಡಿದದ್ದು ಬಡಾವಣೆಯ ಸಂಘದ ಸಭೆಯಲ್ಲಿ. ತಿಂಗಳಿಗೊಂದು ಸಭೆ. ಮುಂದೆ ಐದು ಕುರ್ಚಿ, ಅದರಲ್ಲಿ ಕೂತ ಐದೇ ಜನರ ಮಾತು. ಉಳಿದವರು ತಮ್ಮ ತಮ್ಮ ಚಪ್ಪಲಿಯನ್ನು ಮೊದಲ ಸಲ ನೋಡಿದವರಂತೆ ನೋಡುತ್ತ ಕೂತು, ಟೀ ಕುಡಿದು ಏಳುತ್ತಿದ್ದರು. ಆದರೆ ಮೆಟ್ಟಿಲಿಳಿಯುವಾಗ ನೋಡಬೇಕು! ಶಾಲೆಯ ಮುಂದೆ ರಸ್ತೆ ದಾಟಲು ಗೆರೆ ಇಲ್ಲ, ಹಿಂದಿನ ಓಣಿಯಲ್ಲಿ ದೀಪ ಉರಿಯುವುದಿಲ್ಲ, ನಲ್ಲಿ ನೀರು ಬರುವ ಹೊತ್ತು ಯಾರಿಗೂ ಗೊತ್ತಿಲ್ಲ. ಎಲ್ಲರೂ ಎಲ್ಲವನ್ನೂ ಅಲ್ಲಿ ಹೇಳುತ್ತಿದ್ದರು. ‘ನಿಜವಾದ ಸಭೆ ಮೆಟ್ಟಿಲ ಮೇಲೆ ನಡೆಯತ್ತೆ ಕಣ್ರೀ, ಒಳಗೆ ನಡೆಯೋದು ಬರೀ ಫೋಟೋ’ ಎಂದು ಅಕ್ಕ ಗಂಡನಿಗೆ ಹೇಳಿದಳು. ಗಂಡ ‘ಹೂಂ’ ಎಂದ. ಮೆಟ್ಟಿಲ ಮೇಲಿನ ಮಾತನ್ನು ಒಳಗೆ ತರಲೇಬೇಕೆಂದು ಅವಳು ಅವತ್ತೇ ತೀರ್ಮಾನಿಸಿದಳು.

ಗೆರೆಯ ನೋಟುಬುಕ್ಕಿನಲ್ಲಿ ಬರೆದು, ಹೊಡೆದುಹಾಕಿ, ಮತ್ತೆ ಬರೆದು ಹತ್ತು ಶನಿವಾರಗಳ ‘ಮುಂದಾಳು ತರಬೇತಿ’ಯನ್ನು ತಯಾರು ಮಾಡಿದಳು. ಗ್ರಂಥಾಲಯದ ಮೇಲಿನ ಕೋಣೆ, ಮಧ್ಯಾಹ್ನ ಮೂರರಿಂದ ಐದು. ಮೊದಲ ವಾರ ಒಬ್ಬೊಬ್ಬರೂ ಎದ್ದುನಿಂತು ಒಂದೇ ಒಂದು ನಿಮಿಷ ಮಾತಾಡಬೇಕು. ಗಂಡನ ಅಂಗಡಿಯಿಂದ ಎತ್ತಿಕೊಂಡು ಬಂದ ಅಲಾರಂ ಗಡಿಯಾರ ಹೊಡೆದುಕೊಂಡಿತೋ, ಕೂರಬೇಕು. ಮೂರನೇ ವಾರ ಅರ್ಧ ಪುಟದಲ್ಲಿ ಅರ್ಜಿ. ಐದನೇ ವಾರ ಆ ಅರ್ಜಿ ಯಾವ ಕಚೇರಿಯ ಯಾವ ಮೇಜಿನ ಮೇಲೆ ಮಲಗಿದೆ ಎಂದು ಹುಡುಕಿಕೊಂಡು ಬರುವುದು. ಏಳನೇ ವಾರ ಸಂಘದ ಅಧ್ಯಕ್ಷರನ್ನು ಎದುರಿಗೆ ಕೂರಿಸಿಕೊಂಡು, ಅವರು ಕೊಟ್ಟ ಉತ್ತರಕ್ಕೆ ಮರುಪ್ರಶ್ನೆ ಹಾಕುವುದು. ಇದಕ್ಕೆ ಪಾಪ, ಅಧ್ಯಕ್ಷರು ಏನು ಎತ್ತ ತಿಳಿಯದೆ ಒಪ್ಪಿಕೊಂಡಿದ್ದರು.

ಬಡಾವಣೆಗಳಲ್ಲಿ ಇಂಥ ಕೆಲಸಕ್ಕೆ ಹಣ ಕೊಟ್ಟು ಕೈಜೋಡಿಸುವ ಟ್ರಸ್ಟೊಂದು ಮುಂದೆ ಬಂತು. ಷರತ್ತು ಒಂದೇ. ತರಬೇತಿಗೆ ಮೊದಲು ಜನ ಹೇಗಿದ್ದರು, ಮುಗಿದ ಮೇಲೆ ಹೇಗಾದರು ಎಂದು ಅಳೆದು ತೋರಿಸಬೇಕು. ಅಳತೆ ಸರಿಬಂದರೆ ಎರಡನೇ ತಂಡ, ಇಲ್ಲದಿದ್ದರೆ ನಮಸ್ಕಾರ. ‘ಅಷ್ಟೇ ತಾನೇ?’ ಎಂದು ಅಕ್ಕ ಒಂದೇ ಪಟ್ಟಿಗೆ ಕೂತು ಹತ್ತು ಸಾಲಿನ ಫಾರಂ ಬರೆದೇಬಿಟ್ಟಳು. ಪ್ರತಿ ಸಾಲಿಗೂ ಐದಕ್ಕೆ ಎಷ್ಟು ಎಂದು ಅವರವರೇ ಅಂಕ ಹಾಕಿಕೊಳ್ಳಬೇಕು. ಹತ್ತರಲ್ಲಿ ಅವಳ ಮುದ್ದಿನವು ಮೂರು: ‘ಸಭೆಯಲ್ಲಿ ಚೆನ್ನಾಗಿ ಕೇಳುತ್ತೇನೆ’, ‘ಕಚೇರಿಗೆ ಹೋದರೆ ಅಧಿಕಾರಿಗಳನ್ನು ಕೇಳುತ್ತೇನೆ’, ‘ಸಂಘದವರನ್ನು ಕೇಳುತ್ತೇನೆ’. ತರಬೇತಿಯ ಪ್ರಾಣ ಇರುವುದೇ ಈ ಮೂರರಲ್ಲಿ ಎಂದು ಅವಳ ನಂಬಿಕೆ. ಹೆಸರು ಬರೆದರೆ ಜನ ಸಂಕೋಚಪಡುತ್ತಾರೆಂದು ‘ಹೆಸರು ಬೇಡ, ಗುಟ್ಟಾಗಿ ಒಂದು ಗುರುತು ಹಾಕಿ’ ಎಂದಳು. ಬಸ್ ಡ್ರೈವರು ಸ್ಟೇರಿಂಗ್ ಬರೆದ. ಇಸ್ತ್ರಿ ಅಂಗಡಿಯಾಕೆ ಇಸ್ತ್ರಿ ಪೆಟ್ಟಿಗೆ ಬರೆದಳು. ನರ್ಸಮ್ಮ ಸೂಜಿ ಬರೆದಳು. ಗುಟ್ಟು ಅಂದರೆ ಹೀಗಿರಬೇಕು!

ಹತ್ತು ವಾರ ಹೇಗೆ ಓಡಿದವೋ! ಇಪ್ಪತ್ನಾಲ್ಕು ಜನ ಬಂದರು, ಇಪ್ಪತ್ನಾಲ್ಕೂ ಜನ ಉಳಿದರು. ಮೊದಲ ಶನಿವಾರ ಇಸ್ತ್ರಿಯಾಕೆ ಎದ್ದು ನಿಂತವಳು ಒಂದು ನಿಮಿಷ ಪೂರ್ತಿ ಸೆರಗಿನ ತುದಿ ತಿರುವಿದ್ದು ಬಿಟ್ಟರೆ ಒಂದಕ್ಷರ ಆಡಿರಲಿಲ್ಲ. ಅವಳೇ ಒಂಬತ್ತನೇ ವಾರದ ಹೊತ್ತಿಗೆ ಸಂಘದ ಸಭೆಯಲ್ಲಿ ಎದ್ದು ಹಿಂದಿನ ಓಣಿಯ ದೀಪದ ಮಾತೆತ್ತಿದಳು. ‘ಬಲ್ಬ್ ಬಂದಿಲ್ಲಮ್ಮ’ ಎಂದರು ಅಧ್ಯಕ್ಷರು. ‘ಯಾವತ್ತು ಬರತ್ತೆ? ಯಾರು ತರ್ತಾರೆ? ಕಾಗದ ಯಾರ ಮೇಜಿನ ಮೇಲಿದೆ?’ ಎಂದಳು ಇವಳು. ಎಂಟು ದಿನಕ್ಕೆ ದೀಪ ಹತ್ತಿತು. ಅಕ್ಕ ಆ ಸಂಜೆ ದೀಪದ ಕೆಳಗೆ ನಿಂತು ಕೂಗಿದ ಕೂಗಿಗೆ ನಾಯಿಗಳು ಎದ್ದು ಓಡಿದವು. ಎರಡನೇ ತಂಡಕ್ಕೆ ಆಗಲೇ ನಲವತ್ತೊಂದು ಜನ ಹೆಸರು ಬರೆಸಿದ್ದರು.

ಇನ್ನೇನು, ಶನಿವಾರ ಟ್ರಸ್ಟಿನ ಮೌಲ್ಯಮಾಪಕರು ಬರಬೇಕು. ಗುರುವಾರ ಮಧ್ಯಾಹ್ನ ಅಕ್ಕನೂ ಅವಳ ನಾದಿನಿಯೂ ಊಟದ ಮೇಜಿನ ಮೇಲೆ ಫಾರಂಗಳನ್ನು ಹರಡಿಕೊಂಡು ಕೂತರು. ನಾದಿನಿ ಹೈಸ್ಕೂಲಿನ ಗಣಿತದ ಟೀಚರು, ಗಂಡನ ತಂಗಿ. ಅಣ್ಣ ಆಡದೆ ಉಳಿಸಿದ ಮಾತೆಲ್ಲ ತಂಗಿಯ ಪಾಲಿಗೆ ಬಂದಿದೆ. ಮೊದಲಿನ ಫಾರಂಗಳಿಗೆ ಕೆಂಪು ರಬ್ಬರ್ ಬ್ಯಾಂಡು, ನಂತರದವಕ್ಕೆ ಹಸಿರು. ನಾದಿನಿ ಕೂಡಿಸಿದಳು, ಭಾಗಿಸಿದಳು, ಹುಬ್ಬು ಗಂಟಿಕ್ಕಿದಳು. ಮತ್ತೆ ಕೂಡಿಸಿದಳು.

‘ಅತ್ತಿಗೆ, ಕೆಂಪು ಮೊದಲಿಂದು ತಾನೇ?’

‘ಹೌದು ಕಣೇ. ಯಾಕೆ?’

‘ನಿಮ್ಮ ಮುದ್ದಿನ ಮೂರು ಸಾಲು ಇದಾವಲ್ಲ. ತರಬೇತಿಗೆ ಮೊದಲು ಐದಕ್ಕೆ ನಾಲ್ಕೂವರೆ. ತರಬೇತಿ ಆದ್ಮೇಲೆ ಎರಡು.’ ನಾದಿನಿ ಪೆನ್ನು ಕೆಳಗಿಟ್ಟಳು. ‘ಬಂದಾಗ ಚೆನ್ನಾಗೇ ಇದ್ದ ಜನ ಅತ್ತಿಗೆ. ನಿಮ್ಮ ಕೈಗೆ ಸಿಕ್ಕಿ ಹಾಳಾದ್ರು.’

ಅಕ್ಕನಿಗೆ ನಂಬಿಕೆಯಾಗಲಿಲ್ಲ. ಫಾರಂಗಳನ್ನು ಕಸಿದುಕೊಂಡು ಒಂದೊಂದೇ ನೋಡಿದಳು. ಸ್ಟೇರಿಂಗ್ ಐದರಿಂದ ಎರಡಕ್ಕೆ. ಸೂಜಿ ನಾಲ್ಕರಿಂದ ಎರಡಕ್ಕೆ. ಇಸ್ತ್ರಿ ಪೆಟ್ಟಿಗೆ ಐದರಿಂದ ಒಂದಕ್ಕೆ. ಅಧ್ಯಕ್ಷರನ್ನು ನಿಲ್ಲಿಸಿ ಮೂರು ಪ್ರಶ್ನೆ ಕೇಳಿ ಓಣಿಗೆ ಬೆಳಕು ತಂದವಳು ‘ಸಭೆಯಲ್ಲಿ ಚೆನ್ನಾಗಿ ಕೇಳುತ್ತೇನೆ’ ಎಂಬುದಕ್ಕೆ ಒಂದೇ ಒಂದು ಅಂಕ ಹಾಕಿಕೊಂಡಿದ್ದಾಳೆ! ಇದನ್ನು ನೋಡಿದರೆ ಮೌಲ್ಯಮಾಪಕರು ಫೈಲು ಮುಚ್ಚಿ ಹೊರಡುತ್ತಾರೆ. ಆ ನಲವತ್ತೊಂದು ಜನಕ್ಕೆ ಏನು ಹೇಳುವುದು?

‘ಫಾರಂ ಮೇಲೆ ತಾರೀಕೇ ಇಲ್ವಲ್ಲ ಅತ್ತಿಗೆ’ ಎಂದಳು ನಾದಿನಿ, ಎತ್ತಲೋ ನೋಡುತ್ತ. ‘ಕೆಂಪು ಬ್ಯಾಂಡು ಅದಕ್ಕೆ, ಹಸಿರು ಇದಕ್ಕೆ ಹಾಕಿದ್ರೆ ಆಯ್ತು. ಎರಡರಿಂದ ನಾಲ್ಕೂವರೆಗೆ ಏರತ್ತೆ. ಸನ್ಮಾನ ಮಾಡಿ ಶಾಲು ಹೊದಿಸ್ತಾರೆ.’

ತಮಾಷೆಗೆ ಆಡಿದ ಮಾತು. ಆದರೆ ಇಬ್ಬರೂ ನಗಲಿಲ್ಲ. ಅಕ್ಕನ ಕೈ ಹಸಿರು ಬ್ಯಾಂಡನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡುತ್ತಿತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಕೊನೆಗೆ ಅವಳು ಬ್ಯಾಂಡನ್ನು ಎಲ್ಲಿತ್ತೋ ಅಲ್ಲಿಗೇ ಹಾಕಿದಳು.

‘ಬೇಡ ಕಣೇ. ಇಪ್ಪತ್ನಾಲ್ಕು ಜನ ಸೇರ್ಕೊಂಡು ನಂಗೇನೋ ಹೇಳಿದ್ದಾರೆ. ಅದೇನು ಅಂತ ಗೊತ್ತಾಗದೇ ಹೋದ್ರೆ ನಂಗೆ ಅನ್ನ ಇಳಿಯಲ್ಲ.’

ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಅಂಗಡಿಯ ಬಾಗಿಲು ತೆಗೆದ ಬೆನ್ನಿಗೇ ಅಕ್ಕ ಅಲ್ಲಿ ಹಾಜರಿದ್ದಳು. ಇಸ್ತ್ರಿಯಾಕೆ ಶರಟಿನ ಕಾಲರಿಗೆ ನೀರು ಚಿಮುಕಿಸಿ ಪೆಟ್ಟಿಗೆ ಒತ್ತುತ್ತಿದ್ದಳು. ಅಕ್ಕ ಪೀಠಿಕೆ ಹಾಕುವವಳಲ್ಲ.

‘ನೀನು ಇಸ್ತ್ರಿ ಪೆಟ್ಟಿಗೆ ತಾನೇ?’

‘ಅಯ್ಯೋ, ನಿಮಗೆ ಹೇಗೆ ಗೊತ್ತಾಯ್ತಕ್ಕ?’ ಅವಳಿಗೆ ನಿಜವಾಗಿಯೂ ಆಶ್ಚರ್ಯ.

‘ಅದಿರ್ಲಿ. ಸಭೆಯಲ್ಲಿ ಕೇಳ್ತೀನಿ ಅನ್ನೋದಕ್ಕೆ ಮೊದಲು ಐದು ಹಾಕಿದ್ದೆ, ಈಗ ಒಂದು ಹಾಕಿದ್ದೀಯ. ನಾನೇನು ಅನ್ಯಾಯ ಮಾಡಿದೆ ನಿಂಗೆ?’

ಇಸ್ತ್ರಿಯಾಕೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ತಪ್ಪು ಒಪ್ಪಿಕೊಳ್ಳುವವಳ ಮುಖ ಮಾಡಿದಳು. ‘ನಿಜ ಹೇಳ್ಬಿಡ್ತೀನಿ ಅಕ್ಕ, ಬೈಬೇಡಿ. ಮೊದಲು ನಾನು ಎಷ್ಟು ಚೆನ್ನಾಗಿ ಕೇಳ್ತಿದ್ದೆ! ಎರಡು ಗಂಟೆ ಮಾತಾಡಿದ್ರೂ ಬಾಯಿ ಮುಚ್ಕೊಂಡು ಕೇಳ್ತಿದ್ದೆ. ಈಗ ಎಲ್ಲಕ್ಕ ಕೇಳ್ತೀನಿ? ಅಧ್ಯಕ್ಷರು ಎರಡು ಮಾತು ಮುಗ್ಸೋಷ್ಟರಲ್ಲಿ ನನ್ನ ಕೈ ಮೇಲಿರತ್ತೆ.’

ಅಕ್ಕ ಇನ್ನೂ ಹತ್ತಿರ ಸರಿದಳು. ‘ಮತ್ತೆ ಅಧಿಕಾರಿಗಳನ್ನ ಕೇಳ್ತೀನಿ ಅನ್ನೋದಕ್ಕೆ?’

‘ಅದೂ ಅಷ್ಟೇ. ಮೊದಲು ನಾಳೆ ಬಾ ಅಂದ್ರೆ ಕೇಳ್ತಿದ್ದೆ, ಮರುಮಾತಾಡದೆ ಬರ್ತಿದ್ದೆ. ಈಗ ಕೇಳಲ್ಲ. ನಾಳೆ ಎಷ್ಟು ಗಂಟೆಗೆ ಅಂತ ಬರೆಸ್ಕೊಂಡೇ ಬರೋದು. ಬೇಜಾರಾಯ್ತಾ ಅಕ್ಕ? ಹೇಳಿದ ಮಾತು ಕೇಳದೇ ಇರೋ ಹಾಗಾಗ್ಬಿಟ್ಟಿದ್ದೀನಿ.’

ಬೇಜಾರೇ? ಅಕ್ಕನಿಗೆ ರಸ್ತೆಯ ಮಧ್ಯದಲ್ಲೇ ಕುಣಿಯಬೇಕೆನಿಸಿತು. ಕುಣಿದಳು ಕೂಡ, ಸ್ವಲ್ಪ. ಪ್ರಶ್ನೆ ಮಾಡುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ, ಅಂದಂತೆ ನಡೆಯುವುದೂ ಕೇಳುವುದೇ! ಹುಟ್ಟಿದಾಗಿನಿಂದ ಆಡುವ ಮಾತು, ಮೂರು ಅರ್ಥ ಇಟ್ಟುಕೊಂಡು ಕೂತಿದೆಯೆಂದು ಬರೆಯುವಾಗ ಹೊಳೆದೇ ಇರಲಿಲ್ಲ. ಅವಳು ಪ್ರಶ್ನೆ ಎಂದುಕೊಂಡು ಬರೆದಳು, ಅವರು ಕಿವಿ ಎಂದುಕೊಂಡು ಓದಿದರು. ‘ಎಂಥ ಪೆದ್ದಿ ನಾನು! ಎಂಥ ಪೆದ್ದಿ!’ ಎಂದು ಅವಳು ಖುಷಿಯಿಂದ ಅರಚುತ್ತ ಬಸ್ ಡ್ರೈವರನ ಮನೆಗೆ, ಅಲ್ಲಿಂದ ನರ್ಸಮ್ಮನ ಆಸ್ಪತ್ರೆಗೆ ಓಡಿದಳು. ಎಲ್ಲೆಡೆ ಅದೇ ಉತ್ತರ. ಮನೆಗೆ ಬಂದು ಮೂರು ಸಾಲಿನ ಹೊಸ ಫಾರಂ ಬರೆದಳು: ‘ಪ್ರಶ್ನೆ ಕೇಳುತ್ತೇನೆ’, ‘ಬೇರೆಯವರು ಹೇಳುವುದನ್ನು ಕಿವಿಗೊಟ್ಟು ಕೇಳುತ್ತೇನೆ’, ‘ಹೇಳಿದ್ದನ್ನೆಲ್ಲ ಮರುಮಾತಿಲ್ಲದೆ ಕೇಳುತ್ತೇನೆ’. ಎದುರಿಗೆ ಎರಡು ಕಾಲಂ, ಅಂದು ಮತ್ತು ಇಂದು. ಈ ಸಲ ತಾರೀಕನ್ನೂ ಹಾಕಿದಳು. ಬರೆದದ್ದನ್ನು ಗಂಡನಿಗೆ, ನಾದಿನಿಗೆ, ಮೆಟ್ಟಿಲಲ್ಲಿ ಸಿಕ್ಕಿದ ಹಾಲಿನವನಿಗೆ ಓದಿಸಿ, ‘ಏನು ಅರ್ಥ ಆಯ್ತು ಹೇಳಿ’ ಎಂದು ಪರೀಕ್ಷೆ ಮಾಡಿದಳು.

ಶನಿವಾರ ಮೂರು ಗಂಟೆಗೆ ಗ್ರಂಥಾಲಯದ ಮೇಲಿನ ಕೋಣೆ ತುಂಬಿತ್ತು. ಮೌಲ್ಯಮಾಪಕರು ಮೆದು ಮಾತಿನ ಮಧ್ಯವಯಸ್ಕರು. ಬರುವ ದಾರಿಯಲ್ಲಿ ಹಿಂದಿನ ಓಣಿಯನ್ನೊಮ್ಮೆ ಸುತ್ತಿ, ಶಾಲೆಯ ಮುಂದೆ ಹೊಸದಾಗಿ ಬಿದ್ದ ಬಿಳಿ ಗೆರೆಗಳ ಮೇಲೆ ರಸ್ತೆ ದಾಟಿ ಬಂದಿದ್ದರು. ಅಕ್ಕ ಅವರ ಮುಂದೆ ಮೊದಲು ಇಟ್ಟದ್ದೇ ಆ ಕೆಟ್ಟ ಅಂಕೆಗಳನ್ನು.

‘ಇಳಿದುಬಿಟ್ಟಿದೆಯಲ್ಲಮ್ಮ?’ ಎಂದರು ಅವರು, ಕನ್ನಡಕ ಮೇಲೇರಿಸಿ.

‘ಇಳಿದಿದೆ ಸಾರ್! ಅದನ್ನ ಹೇಳೋಕೇ ನಿನ್ನೆಯಿಂದ ತುದಿಗಾಲಲ್ಲಿ ನಿಂತಿದ್ದೀನಿ’ ಎಂದು ಅಕ್ಕ ಇಸ್ತ್ರಿ ಅಂಗಡಿಯ ಕಥೆಯನ್ನು ಕಿಟಕಿ ಗಾಜು ಅದುರುವಂತೆ ಹೇಳಿದಳು. ಮೌಲ್ಯಮಾಪಕರು ನಕ್ಕರು. ಆದರೆ ನಕ್ಕು ಸುಮ್ಮನಾಗುವ ಪೈಕಿ ಅಲ್ಲ. ‘ಕಥೆ ಚೆನ್ನಾಗಿದೆ. ಇಪ್ಪತ್ನಾಲ್ಕೂ ಜನ ಹಾಗೇ ಓದಿಕೊಂಡ್ರು ಅನ್ನೋದಕ್ಕೆ ಏನು ಆಧಾರ?’ ಎಂದರು. ಈ ಪ್ರಶ್ನೆಗೇ ಕಾಯುತ್ತಿದ್ದ ಅಕ್ಕ ಹೊಸ ಫಾರಂ ಹಂಚಿದಳು.

ಹತ್ತು ನಿಮಿಷ ಪೆನ್ನಿನ ಸದ್ದು. ನಾದಿನಿ ಕರಿಹಲಗೆಯ ಮೇಲೆ ಲೆಕ್ಕ ಬರೆದಳು. ಪ್ರಶ್ನೆ ಕೇಳುವುದು: ಅಂದು ಒಂದೂವರೆ, ಇಂದು ನಾಲ್ಕೂಕಾಲು. ಮರುಮಾತಿಲ್ಲದೆ ಕೇಳುವುದು: ಅಂದು ನಾಲ್ಕೂವರೆ, ಇಂದು ಒಂದೂವರೆ. ಕೋಣೆಯೆಲ್ಲ ಚಪ್ಪಾಳೆ. ಬಸ್ ಡ್ರೈವರು ಶಿಳ್ಳೆ ಹೊಡೆದ. ಅಕ್ಕನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ನಾದಿನಿ ಕೊನೆಗೆ ಉಳಿದ ನಡುವಿನ ಸಾಲನ್ನು ಬರೆದಳು. ಕಿವಿಗೊಟ್ಟು ಕೇಳುವುದು: ಅಂದು ನಾಲ್ಕು, ಇಂದು ಎರಡೂವರೆ.

ಚಪ್ಪಾಳೆ ತಾನಾಗಿ ನಿಂತಿತು. ಇದಕ್ಕೆ ಪದದ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ, ಪದ ಈಗ ಸ್ಪಷ್ಟವಾಗಿತ್ತು. ಮೌಲ್ಯಮಾಪಕರು ಅಕ್ಕನ ಕಡೆ ನೋಡಿದರು. ಅಕ್ಕ ತನ್ನ ನೋಟುಬುಕ್ಕು ತೆಗೆದು ಹತ್ತು ವಾರಗಳ ಮೇಲೆ ಬೆರಳಾಡಿಸಿದಳು. ಮಾತಾಡುವುದು, ಬರೆಯುವುದು, ಹುಡುಕುವುದು, ಮರುಪ್ರಶ್ನೆ ಹಾಕುವುದು. ಇನ್ನೊಬ್ಬರ ಮಾತಿಗೆ ಕಿವಿಗೊಡುವುದಕ್ಕೆಂದು ಹತ್ತರಲ್ಲಿ ಒಂದು ವಾರವೂ ಇರಲಿಲ್ಲ. ಬರೆದದ್ದು ಅವಳೇ, ಕಲಿಸಿದ್ದು ಅವಳೇ.

‘ಇದು ಮಾತ್ರ ನನ್ನ ತಪ್ಪು ಸಾರ್’ ಎಂದಳು. ‘ಬಾಯಿ ಬಿಡಿಸಿದೆ, ಕಿವಿ ಮರೆತೆ.’

ಮೌಲ್ಯಮಾಪಕರು ಫೈಲಿನಲ್ಲಿ ಏನೋ ಬರೆದುಕೊಂಡರು. ‘ಓಣಿಯ ದೀಪ, ಶಾಲೆ ಮುಂದಿನ ಗೆರೆ ಎರಡನ್ನೂ ಕಣ್ಣಾರೆ ನೋಡಿ ಬಂದೆ. ಅದಕ್ಕೆ ನಾನು ಬೆಲೆ ಕೊಡ್ತೀನಿ. ಒಂದೇ ಪ್ರಶ್ನೆ ಉಳಿದಿದೆ, ನಿಮ್ಮೆಲ್ಲರಿಗೂ. ನಾಳೆ ಈ ಅಕ್ಕ ಬರಲಿಲ್ಲ ಅಂದ್ಕೊಳ್ಳಿ. ಈ ತರಬೇತಿ ನಡೆಯುತ್ತಾ?’

ಅಕ್ಕ ತಟ್ಟನೆ ಎದ್ದಳು. ‘ಯಾಕೆ ಬರಲ್ಲ ಸಾರ್? ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ, ಇನ್ನು ಹತ್ತು ವರ್ಷ...’

‘ಅಕ್ಕ, ಒಂದ್ನಿಮಿಷ.’

ಇಸ್ತ್ರಿಯಾಕೆ ಎದ್ದು ನಿಂತಿದ್ದಳು. ಕೈ ಅಡ್ಡ ಚಾಚಿದ್ದಳು, ಬಸ್ಸು ನಿಲ್ಲಿಸುವವಳ ಹಾಗೆ. ‘ಸಾರ್ ಕೇಳಿದ್ದು ನಮ್ಮನ್ನ. ನಾವು ಹೇಳ್ತೀವಿ, ನೀವು ಕೂತ್ಕೊಳ್ಳಿ.’

ಟ್ರಂಕ್‌ಕಾಲ್ ಅಕ್ಕನ ಮಾತನ್ನು ಅರ್ಧಕ್ಕೆ ನಿಲ್ಲಿಸಿದವರು ಈ ಭೂಮಿಯ ಮೇಲೆ ಅಲ್ಲಿಯವರೆಗೆ ಯಾರೂ ಇರಲಿಲ್ಲ. ನಾದಿನಿಯ ಕೈಯ ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು. ಅಕ್ಕನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಆ ಮೊದಲ ಶನಿವಾರ ನೆನಪಾಯಿತು. ಸೆರಗು ತಿರುವುತ್ತ ನಿಂತಿದ್ದ ಹೆಂಗಸು ತನ್ನನ್ನೇ ಕೂರಿಸುತ್ತಿದ್ದಾಳೆ! ಅವಳು ಕೂತಳು.

‘ನಡೆಯತ್ತೆ ಸಾರ್’ ಎಂದಳು ಇಸ್ತ್ರಿಯಾಕೆ. ‘ಅರ್ಜಿ ಬರೆಸೋ ವಾರ ನರ್ಸಮ್ಮ ತಗೋತಾಳೆ. ಕಚೇರಿ ಸುತ್ತೋದಕ್ಕೆ ನಮ್ಮ ಡ್ರೈವರಣ್ಣ. ಎದ್ದು ನಿಂತು ಮಾತಾಡೋಕೆ ಹೆದರೋರನ್ನ ನಂಗೆ ಬಿಡಿ, ಆ ಹೆದರಿಕೆ ನಂಗೆ ಗೊತ್ತು. ಇನ್ನೊಂದು ಹೊಸ ವಾರ ಸೇರಿಸ್ತೀವಿ, ಬರೀ ಕಿವಿಗೊಡೋದಕ್ಕೆ.’ ಬಸ್ ಡ್ರೈವರು ನಡುವೆ ಬಾಯಿ ಹಾಕಹೋದ. ‘ಅಣ್ಣ, ನಾನು ಮುಗಿಸ್ತೀನಿ, ಆಮೇಲೆ ನೀನು ಹೇಳು’ ಎಂದಳು. ನಿಜವಾಗಿಯೂ ಮುಗಿಸಿ, ಅವನು ಹೇಳಿದ್ದನ್ನು ಪೂರ್ತಿ ಕೇಳಿದಳು.

ಮೌಲ್ಯಮಾಪಕರು ಪೆನ್ನಿಗೆ ಮುಚ್ಚಳ ಹಾಕಿದರು. ‘ಎರಡನೇ ತಂಡಕ್ಕೆ ನನ್ನ ಒಪ್ಪಿಗೆ ಇದೆ’ ಎಂದರು. ‘ಆದ್ರೆ ನಡೆಸೋದು ಇವರು.’

ಕುರ್ಚಿಗಳು ಸರಿದವು, ಜನ ಎದ್ದರು, ಅಪ್ಪಿಕೊಂಡರು, ಒಬ್ಬರ ಮೇಲೊಬ್ಬರು ಮಾತಾಡಿದರು. ಇಷ್ಟು ಸಂತೋಷ ಅಕ್ಕನಿಗೆ ಎಕ್ಸ್‌ಚೇಂಜಿನಲ್ಲಿ ನೌಕರಿ ಸಿಕ್ಕಿದ ದಿನವೂ ಆಗಿರಲಿಲ್ಲ. ಜೊತೆಗೇ, ಒಳಗೆಲ್ಲೋ ಚಿವುಟಿದ ಹಾಗೆ ನೋವೂ ಆಯಿತು. ಅವಳು ಕೂತಲ್ಲೇ ಕೂತು, ಮುಂದಿನ ಶನಿವಾರದಿಂದ ಮೂರರಿಂದ ಐದರವರೆಗೆ ತಾನೇನು ಮಾಡುವುದೆಂದು ಯೋಚಿಸುತ್ತಿದ್ದಳು. ಆಗ ಇಸ್ತ್ರಿಯಾಕೆ ಹೊಸ ಫಾರಂ ಒಂದನ್ನು ಹಿಡಿದುಕೊಂಡು ಬಂದು ಎದುರಿಗೆ ನಿಂತಳು.

‘ಅಕ್ಕ, ಎರಡನೇ ತಂಡದಲ್ಲಿ ನಿಮ್ಮ ಹೆಸರೂ ಬರ್ಕೊಳ್ಳೋಣ್ವಾ? ಕಲಿಯೋಕೆ. ಬರೋದಾದ್ರೆ ಮೊದಲು ಇದನ್ನ ತುಂಬಬೇಕು, ಎಲ್ಲರಿಗೂ ಒಂದೇ ನಿಯಮ.’

ಅಕ್ಕ ಅವಳನ್ನೂ ಫಾರಮನ್ನೂ ನೋಡಿದಳು. ಇಷ್ಟು ದಿನ ಊರಿಗೆಲ್ಲ ಹಂಚಿದವಳು ಒಂದು ಸಲವೂ ತಾನು ತುಂಬಿರಲಿಲ್ಲ. ಪೆನ್ನು ತೆಗೆದುಕೊಂಡಳು. ‘ಪ್ರಶ್ನೆ ಕೇಳುತ್ತೇನೆ’ ಎಂಬಲ್ಲಿ ಸರಕ್ಕನೆ ಐದು. ‘ಮರುಮಾತಿಲ್ಲದೆ ಕೇಳುತ್ತೇನೆ’ ಎಂಬಲ್ಲಿ ಸೊನ್ನೆ ಹಾಕಲು ಅವಕಾಶವಿಲ್ಲದ್ದರಿಂದ ಒಂದು. ನಡುವಿನ ಸಾಲಿಗೆ ಬಂದು ಪೆನ್ನು ನಿಂತಿತು. ಗಂಡನ ದಿನದ ಹತ್ತು ಮಾತುಗಳು ನೆನಪಾದವು. ಹನ್ನೊಂದನೆಯದನ್ನು ಆಡಲು ತಾನು ಎಂದಾದರೂ ಅವನಿಗೆ ಬಿಟ್ಟಿದ್ದೇನೆಯೇ ಎಂದು ಅನಿಸಿತು. ತುಂಬ ಯೋಚಿಸಿ ‘ಎರಡು’ ಎಂದು ಬರೆದಳು.

ನಾದಿನಿ ಹೆಗಲ ಮೇಲಿಂದ ಬಗ್ಗಿ ನೋಡಿದಳು. ‘ಎರಡಾ ಅತ್ತಿಗೆ? ಧಾರಾಳ ಆಯ್ತು.’

ಅಕ್ಕ ಉತ್ತರ ಕೊಡಲು ಬಾಯಿ ತೆರೆದಳು. ಹಾಗೇ ಮುಚ್ಚಿಕೊಂಡಳು. ಎರಡನ್ನು ಹೊಡೆದುಹಾಕಿ ಒಂದು ಎಂದು ಬರೆದು, ಫಾರಮನ್ನು ಇಸ್ತ್ರಿಯಾಕೆಯ ಕೈಗಿಟ್ಟಳು.